ತಾಯಿ ಹೊತ್ತ ಹರಕೆ ಮಗನನ್ನು ಕಟ್ಟಿಹಾಕುತ್ತದೆಯೇ? ಪ್ರಾಚೀನ ಇಸ್ರಾಯೇಲರಲ್ಲಿ ಇದಕ್ಕೆ ಉತ್ತರವಿದೆಯೇ?

ಲೆಕ್ಕದ ಮನುಷ್ಯ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಒಂಬತ್ತು ದಿನಗಳಾಗಿದ್ದಾಗ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದೆನಂತೆ. ಆ ರಾತ್ರಿ ಅಮ್ಮ ವಾರ್ಡಿನ ಕಿಟಕಿಯ ಬಳಿ ನಿಂತು, ಮಗು ಉಳಿದರೆ ದೇವರ ಕೆಲಸಕ್ಕೆ ಕೊಡುತ್ತೇನೆಂದು ಹರಕೆ ಹೊತ್ತರು. ನಾನು ಉಳಿದೆ, ಆದರೆ ಸಭಾಪಾಲಕನಾಗಲಿಲ್ಲ. ಈಗ 46 ವರ್ಷ, ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ.

ಅಮ್ಮನಿಗೆ 78. ಮಂಡಿ ಹಿಡಿದುಕೊಂಡು ಓಡಾಟ ನಿಂತ ಮೇಲೆ ಈ ಹಳೆಯ ಮಾತು ದಿನವೂ ಮೇಲೆದ್ದು ಬರುತ್ತಿದೆ. "ಹನ್ನ ಕೊಟ್ಟಳು, ನಾನು ಕೊಡಲಿಲ್ಲ" ಎನ್ನುತ್ತಾರೆ. ಬೈಬಲಿನ ಹನ್ನಳು ಗಂಡುಮಗು ಕೊಟ್ಟರೆ ನಿನಗೇ ಒಪ್ಪಿಸುತ್ತೇನೆಂದು ದೇವರಿಗೆ ಹರಕೆ ಹೊತ್ತು, ಹುಟ್ಟಿದ ಸಮುವೇಲನನ್ನು ಶೀಲೋವಿನ ಆಲಯದಲ್ಲಿ ಬಿಟ್ಟವಳು. ಯುದ್ಧ ಗೆದ್ದು ಬಂದರೆ ಮನೆಯ ಬಾಗಿಲಿನಿಂದ ತನ್ನನ್ನು ಎದುರುಗೊಳ್ಳಲು ಬರುವುದನ್ನು ಹೋಮವಾಗಿ ಕೊಡುತ್ತೇನೆಂದು ಹರಕೆ ಹೊತ್ತು, ಮಗಳೇ ಎದುರು ಬಂದ ಯೆಫ್ತಾಹನ ಬಗ್ಗೆ ಕಳೆದ ತಿಂಗಳು ಸಭೆಯಲ್ಲಿ ಪ್ರಸಂಗವಾದ ಮೇಲಂತೂ ಅವರಿಗೆ ರಾತ್ರಿ ನಿದ್ದೆಯಿಲ್ಲ. ತಂದೆತಾಯಿ ಹೊತ್ತ ಹರಕೆ ಮಕ್ಕಳ ಮೇಲೆ ನಿಲ್ಲುತ್ತದೆಯೇ ಎಂಬ ಬಗ್ಗೆ ಆ ಕಾಲದ ಇಸ್ರಾಯೇಲರ ನಡವಳಿಕೆ ಏನಿತ್ತು? ಉಪದೇಶ ಸಾಕಷ್ಟು ಕೇಳಿದ್ದೇನೆ, ದಯವಿಟ್ಟು ಗ್ರಂಥ ಮತ್ತು ಇತಿಹಾಸದ ಆಧಾರದಲ್ಲಿ ಹೇಳಿ.

ಹಳೆಯ ಮೇಷ್ಟ್ರು

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಹೀಬ್ರೂ ಭಾಷೆಯಲ್ಲಿ ಹರಕೆಗೆ 'ನೇದೆರ್' ಎನ್ನುತ್ತಾರೆ, ಆಣೆಗೆ 'ಶೆವುಆ' ಎನ್ನುತ್ತಾರೆ, ಮತ್ತೆ ಹಿಂದಕ್ಕೆ ಪಡೆಯಲಾಗದಂತೆ ದೇವರಿಗೆ ಬಿಟ್ಟುಬಿಡುವುದಕ್ಕೆ 'ಹೇರೆಮ್' ಎನ್ನುತ್ತಾರೆ. ನಮ್ಮಲ್ಲಿ ಮೂರನ್ನೂ ಹರಕೆ ಎಂದೇ ಕರೆದು ಗೊಂದಲ ಮಾಡಿಕೊಳ್ಳುತ್ತೇವೆ.

ಕಥನ ಭಾಗಗಳಲ್ಲಿ ಹರಕೆಯ ಮಾತುಗಳನ್ನೇ ಬರೆದಿಟ್ಟಿರುವುದು ಐದು ಕಡೆ: ಬೇತೇಲಿನಲ್ಲಿ ಯಾಕೋಬ, ಅರಾದಿನ ಅರಸನೊಡನೆ ಯುದ್ಧಕ್ಕೆ ನಿಂತ ಇಸ್ರಾಯೇಲ್ ಜನ, ಯೆಫ್ತಾಹ, ಹನ್ನ ಮತ್ತು ಅಬ್ಷಾಲೋಮ. ಐದಕ್ಕೂ ಒಂದೇ ಅಚ್ಚು, "ನೀನು ಇದನ್ನು ಮಾಡಿದರೆ ನಾನು ಅದನ್ನು ಕೊಡುತ್ತೇನೆ" ಎಂಬುದು. ಹೊತ್ತವರೆಲ್ಲರೂ ಮನೆಯಿಂದ ದೂರವಿದ್ದವರು ಅಥವಾ ಕಷ್ಟದಲ್ಲಿ ಸಿಕ್ಕಿಬಿದ್ದವರು. ಹಾಗಾಗಿ ಷರತ್ತು ಹಾಕಿದ್ದು ತಪ್ಪೆಂದು ನಿಮ್ಮ ತಾಯಿಯವರು ಕೊರಗಬೇಕಾಗಿಲ್ಲ, ಯಾಕೋಬನು ಅನ್ನ, ಬಟ್ಟೆ, ಸುಖಪ್ರಯಾಣ ಎಂದು ಪಟ್ಟಿಯನ್ನೇ ಕೊಟ್ಟಿದ್ದ.

ಶಾಸನಪ್ರೇಮಿ

ಇದು ಇಸ್ರಾಯೇಲರಿಗೆ ಮಾತ್ರ ಸೇರಿದ ಪದ್ಧತಿಯಾಗಿರಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಸಿರಿಯಾದ ಅಲೆಪ್ಪೋ ಸಮೀಪ ಸಿಕ್ಕ, ಕ್ರಿ.ಪೂ. 9ನೆಯ ಶತಮಾನದ್ದೆಂದು ಹೇಳಲಾಗುವ ಕಲ್ಲೊಂದರಲ್ಲಿ, ಅರಾಮ್ಯರ ಅರಸ ಬರ್‌ಹದದ್ ತಾನು ಮೆಲ್ಕಾರ್ತ್ ದೇವರಿಗೆ ಹರಕೆ ಹೊತ್ತಿದ್ದನ್ನೂ ದೇವರು ತನ್ನ ದನಿಗೆ ಕಿವಿಗೊಟ್ಟಿದ್ದನ್ನೂ ಬರೆಸಿದ್ದಾನೆ. ಸಿರಿಯಾ ಕರಾವಳಿಯ ಪ್ರಾಚೀನ ನಗರ ಉಗಾರಿತಿನ ಮಣ್ಣಿನ ಹಲಗೆಗಳಲ್ಲಿ ಕಿರ್ತ ಎಂಬ ಅರಸನ ಕಥೆಯಿದೆ. ಹೆಣ್ಣು ತರಲು ಹೊರಟವನು ದಾರಿಯಲ್ಲಿ ಅಥಿರತ್ ದೇವಿಗೆ ಬೆಳ್ಳಿ, ಬಂಗಾರದ ಹರಕೆ ಹೊತ್ತು, ಮದುವೆಯಾಗಿ ಮಕ್ಕಳಾದ ಮೇಲೆ ಮರೆತು, ಹಾಸಿಗೆ ಹಿಡಿಯುತ್ತಾನೆ. ಆ ಕಥೆ ಯೆಫ್ತಾಹನ ಕಥೆ ಬರೆದಿಟ್ಟ ಕಾಲಕ್ಕಿಂತ ಹಿಂದಿನದು.

ದೋಸೆಪ್ರಿಯ

"ಸಂಕಟ ಬಂದಾಗ ವೆಂಕಟರಮಣ" ಎಂಬ ಗಾದೆ ಉಗಾರಿತಿಗೂ ಸಲ್ಲುತ್ತದೆ ಎಂದಾಯಿತು.

ವಕೀಲರ ಮಗಳು

ಗಾದೆ ಇರಲಿ, ಕಾನೂನು ನೋಡೋಣ. ಬೈಬಲಿನ ಅರಣ್ಯಕಾಂಡದ 30ನೆಯ ಅಧ್ಯಾಯ ಪೂರ್ತಿ ಈ ವಿಷಯಕ್ಕೇ ಮೀಸಲಾಗಿದೆ. ಗಂಡಸು ಹರಕೆ ಹೊತ್ತರೆ ಮಾತು ತಪ್ಪುವಂತಿಲ್ಲ. ತಂದೆಯ ಮನೆಯಲ್ಲಿರುವ ಮಗಳು ಹೊತ್ತರೆ ತಂದೆಯೂ, ಮದುವೆಯಾದವಳು ಹೊತ್ತರೆ ಗಂಡನೂ ಅದನ್ನು ಕೇಳಿದ ದಿನವೇ ಬೇಡವೆನ್ನಬಹುದು. ಆಗ ಹರಕೆ ಬಿದ್ದುಹೋಗುತ್ತದೆ, ದೇವರು ಅವಳನ್ನು ಕ್ಷಮಿಸುತ್ತಾನೆ ಎಂದು ಸ್ಪಷ್ಟವಾಗಿ ಬರೆದಿದೆ. ಕೇಳಿಯೂ ಸುಮ್ಮನಿದ್ದರೆ ಒಪ್ಪಿದಂತೆ. ಆ ದಿನ ಕಳೆದ ಮೇಲೆ ತಡೆದರೆ ದೋಷ ಗಂಡನ ತಲೆಯ ಮೇಲೆ. ವಿಧವೆ ಮತ್ತು ಗಂಡ ಬಿಟ್ಟವಳು ಹೊತ್ತ ಹರಕೆಯನ್ನು ಮಾತ್ರ ಯಾರೂ ತಡೆಯುವಂತಿಲ್ಲ.

ಆದ್ದರಿಂದ ನನ್ನ ಮೊದಲ ಪ್ರಶ್ನೆ: ಆ ರಾತ್ರಿ ನಿಮ್ಮ ತಂದೆಯವರು ಎಲ್ಲಿದ್ದರು?

ಲೆಕ್ಕದ ಮನುಷ್ಯ

ಅಲ್ಲೇ ಇದ್ದರು. ಫ್ಲಾಸ್ಕಿನಲ್ಲಿ ಚಹಾ ತಂದಿದ್ದರಂತೆ. ಅಮ್ಮ ಹರಕೆಯ ಮಾತನ್ನು ಹೇಳಿದಾಗ ಏನೂ ಹೇಳದೆ ಚಹಾ ಬಗ್ಗಿಸಿ ಕೊಟ್ಟರಂತೆ. ಈಗ ಅವರಿಲ್ಲ.

ವಕೀಲರ ಮಗಳು

ಹಾಗಾದರೆ ಅರಣ್ಯಕಾಂಡದ ಲೆಕ್ಕದಲ್ಲಿ ಹರಕೆ ಸ್ಥಿರವಾಯಿತು. ಕ್ಷಮಿಸಿ.

ಸಂಶಯವಾದಿ

ಹೆಂಡತಿಯ ಮಾತಿಗೆ ಗಂಡನ ರುಜು ಬೇಕೆನ್ನುವ ಕಾನೂನನ್ನು ಇಷ್ಟು ಸಲೀಸಾಗಿ ಉಲ್ಲೇಖಿಸುತ್ತಿದ್ದೀರಲ್ಲ, ಮೇಡಂ. ಇದು ಭಕ್ತಿಯ ಮಾತಲ್ಲ, ಆಸ್ತಿಯ ಮಾತು. ಹರಕೆ ಎಂದರೆ ಕುರಿ, ಹಿಟ್ಟು, ದ್ರಾಕ್ಷಾರಸ, ಬೆಳ್ಳಿ. ಅವೆಲ್ಲ ಮನೆಯ ಯಜಮಾನನ ಕೈಯಲ್ಲಿದ್ದವು. ಹೆಂಡತಿಯ ಹರಕೆ ತನ್ನ ಹಟ್ಟಿಯನ್ನು ಬರಿದು ಮಾಡಬಾರದೆಂದು ಬರೆಸಿಕೊಂಡ ಕಾನೂನಿದು.

ವಕೀಲರ ಮಗಳು

ಆಸ್ತಿಯ ಮಾತೆನ್ನುವುದನ್ನು ನಾನು ಒಪ್ಪುತ್ತೇನೆ, ಸರ್. ಆದರೆ ಅದರಿಂದಲೇ ಇನ್ನೊಂದು ವಿಷಯವೂ ತಿಳಿಯುತ್ತದೆ: ಬಾಯಿಂದ ಹೊರಟ ಹರಕೆಗೆ ಬಿಡುಗಡೆಯೇ ಇಲ್ಲವೆಂದು ಆ ಸಮಾಜ ಭಾವಿಸಿರಲಿಲ್ಲ. ಒಬ್ಬರು ಆತುರದಲ್ಲಿ ಆಡಿದ ಮಾತನ್ನು ಮನೆಯ ಇನ್ನೊಬ್ಬರು ತಡೆಯಬಹುದೆಂಬ ತತ್ತ್ವ ಅಲ್ಲಿದೆ. ಅದನ್ನು ಗಂಡಸರಿಗೆ ಮಾತ್ರ ಕೊಟ್ಟರೆಂಬುದು ಅದರ ಕುಂದು. ಯೆಫ್ತಾಹನ ಮನೆಯಲ್ಲಿ ಅವನ ಬಾಯಿಗೆ ಕೈ ಅಡ್ಡ ಹಿಡಿಯುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಮಗಳು ಉಳಿಯುತ್ತಿದ್ದಳು.

ಬೆಟ್ಟದ ಹಾದಿ

ಯೆಫ್ತಾಹನ ಮಗಳು ಸತ್ತಳೆಂದು ಯಾರು ಹೇಳಿದರು? ನ್ಯಾಯಸ್ಥಾಪಕರು 11ನೆಯ ಅಧ್ಯಾಯವನ್ನು ಸರಿಯಾಗಿ ಓದಿ. ಅವಳು ಎರಡು ತಿಂಗಳು ಗೆಳತಿಯರೊಡನೆ ಬೆಟ್ಟಗಳಲ್ಲಿ ಅತ್ತದ್ದು ತನ್ನ ಕನ್ಯಾವಸ್ಥೆಗಾಗಿ, ಸಾವಿಗಾಗಿ ಅಲ್ಲ. ಅವಳು ಪುರುಷನನ್ನು ಅರಿಯಲಿಲ್ಲವೆಂಬ ಮಾತಿನೊಂದಿಗೆ ಕಥೆ ಮುಗಿಯುತ್ತದೆ. ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ, ಹರಕೆಯ ಮಾತಿನ ನಡುವೆ ಬರುವ 'ಮತ್ತು' ಎಂಬುದನ್ನು 'ಅಥವಾ' ಎಂದು ಓದುತ್ತಾನೆ: ಯೆಹೋವನ ಸೊತ್ತಾಗುವುದು, ಅಥವಾ ಬಲಿಯ ಪ್ರಾಣಿಯಾದರೆ ಸರ್ವಾಂಗಹೋಮವಾಗುವುದು. ಅವನ ಪ್ರಕಾರ ಮಗಳು ಒಂಟಿಯಾಗಿ ಬಾಳಿದಳು.

ಹಳೆಯ ಮೇಷ್ಟ್ರು

ಇಂಥ ವಾದವನ್ನು ಮಧ್ಯಯುಗದ ಇನ್ನೊಬ್ಬ ಯೆಹೂದಿ ವ್ಯಾಖ್ಯಾನಕಾರ ರಂಬಾನ್ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಯಾಜಕಕಾಂಡದ 27ನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ ಅವರು ಅವಳು ಸತ್ತಳೆಂದೇ ಹೇಳಿ, ಯೆಫ್ತಾಹನು ಹೇರೆಮಿನ ನಿಯಮವನ್ನು ತಪ್ಪಾಗಿ ತಿಳಿದುಕೊಂಡನೆನ್ನುತ್ತಾರೆ. ಮೂಲದಲ್ಲಿ "ತಾನು ಹೊತ್ತ ಹರಕೆಯಂತೆ ಅವಳಿಗೆ ಮಾಡಿದನು" ಎಂಬ ಮಾತಿದೆ, ಏನು ಮಾಡಿದನೆಂದು ಬರೆದವನು ಬಾಯಿ ಬಿಡುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕು ದಿನ ಇಸ್ರಾಯೇಲಿನ ಹೆಣ್ಣುಮಕ್ಕಳು ಅವಳ ನೆನಪಿಗೆ ಹೋಗುತ್ತಿದ್ದರೆಂದು ಬರೆದಿದೆ. ಬದುಕಿರುವವಳಿಗಾಗಿ ಅಂಥ ಪದ್ಧತಿ ಹುಟ್ಟುತ್ತದೆಯೇ ಎಂಬುದು ನನ್ನ ಅನುಮಾನ.

ಮಣ್ಣಗೋಡೆ

ನಾನು ಸ್ವಲ್ಪ ಪುರಾತತ್ತ್ವ ಓದಿದವನು. ಕಬ್ಬಿಣ ಯುಗದ ಇಸ್ರಾಯೇಲ್ ಮನೆಗಳಲ್ಲಿ ನಾಲ್ಕು ಅಂಕಣದ ಮನೆ ಬಹಳ ಸಾಮಾನ್ಯ. ಕೆಳಗಿನ ಭಾಗದಲ್ಲಿ ಕುರಿ, ಮೇಕೆ ಕಟ್ಟುತ್ತಿದ್ದರೆಂದೂ ಜನ ಮೇಲಂತಸ್ತಿನಲ್ಲಿ ಮಲಗುತ್ತಿದ್ದರೆಂದೂ ಅನೇಕ ವಿದ್ವಾಂಸರು ಹೇಳುತ್ತಾರೆ. ನಮ್ಮ ಹಳ್ಳಿಮನೆಗಳಲ್ಲಿ ಹೊಸಿಲು ದಾಟಿದೊಡನೆ ಕೊಟ್ಟಿಗೆಯಿರುತ್ತಿದ್ದ ಹಾಗೆ. ಅಂಥ ಮನೆಯ ಬಾಗಿಲಿನಿಂದ ಮೊದಲು ಹೊರಬರುವುದು ಪ್ರಾಣಿಯೇ ಎಂದು ಯೆಫ್ತಾಹ ಎಣಿಸಿರಬಹುದು.

ಕಡಲತೀರದವಳು

ಹಾಗಾದರೆ ಹರಕೆಯಲ್ಲಿ "ನನ್ನನ್ನು ಎದುರುಗೊಳ್ಳಲು" ಎಂಬ ಮಾತು ಏಕಿದೆ, ಅಣ್ಣಾ? ಮೇಕೆ ಯಾರನ್ನೂ ಎದುರುಗೊಳ್ಳುವುದಿಲ್ಲ. ಗೆದ್ದು ಬಂದವರ ಎದುರಿಗೆ ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಬರುತ್ತಿದ್ದವರು ಹೆಂಗಸರು. ಸಮುದ್ರ ದಾಟಿದ ಮೇಲೆ ಮಿರ್ಯಾಮಳು ಹಾಗೆ ಹೊರಟಳು, ಸೌಲನೂ ದಾವೀದನೂ ಬರುವಾಗ ಊರೂರಿನ ಹೆಂಗಸರು ಹೊರಟರು. ಯುದ್ಧದಿಂದ ಮರಳುವ ಸೇನಾಪತಿಗೆ ಇದು ತಿಳಿಯದ್ದಲ್ಲ. ಯಾರೋ ಒಬ್ಬ ಹೆಣ್ಣು ಬರುತ್ತಾಳೆಂದು ಅವನಿಗೆ ಗೊತ್ತಿತ್ತು, ತನ್ನವಳೇ ಬರುತ್ತಾಳೆಂದು ಎಣಿಸಿರಲಿಲ್ಲ ಅಷ್ಟೆ. ನನಗೆ ಸಿಟ್ಟು ಬರುವುದೇ ಅಲ್ಲಿ.

ಮಣ್ಣಗೋಡೆ

ಸೋತೆ, ಅಕ್ಕ. ನಿಮ್ಮ ಓದು ಸರಿಯೆನಿಸುತ್ತದೆ.

ಹಳೆಯ ಮೇಷ್ಟ್ರು

ಯೆಹೂದಿ ಧರ್ಮಗುರುಗಳಾದ ರಬ್ಬಿಗಳೂ ಯೆಫ್ತಾಹನನ್ನು ಬಿಟ್ಟಿಲ್ಲ. ಒಂಟೆಯೋ ಕತ್ತೆಯೋ ನಾಯಿಯೋ ಹೊರಬಂದಿದ್ದರೆ ಅದನ್ನು ಹೋಮ ಮಾಡುತ್ತಿದ್ದೆಯಾ ಎಂದು ಅವರ ವ್ಯಾಖ್ಯಾನಗ್ರಂಥ ಮಿದ್ರಾಶ್ ಅವನನ್ನು ಕೆಣಕುತ್ತದೆ. ಅದೇ ಮಿದ್ರಾಶಿನಲ್ಲಿ ಇನ್ನೊಂದು ಕಥೆಯಿದೆ. ಹರಕೆ ಬಿಡಿಸುವ ಅಧಿಕಾರವಿದ್ದ ಯಾಜಕ ಫೀನೆಹಾಸನು "ನಾನು ಮಹಾಯಾಜಕನ ಮಗ, ಆ ಅರಿಯದವನ ಬಳಿಗೆ ನಾನೇಕೆ ಹೋಗಲಿ" ಎಂದನಂತೆ. ಯೆಫ್ತಾಹನು "ನಾನು ಇಸ್ರಾಯೇಲಿನ ಮುಖಂಡ, ಅವನ ಬಳಿಗೆ ನಾನೇಕೆ ಹೋಗಲಿ" ಎಂದನಂತೆ. ಇಬ್ಬರ ಬಿಗುಮಾನದ ನಡುವೆ ಹುಡುಗಿ ಸತ್ತಳು. ಯೆಫ್ತಾಹನನ್ನು ಗಿಲ್ಯಾದಿನ 'ಊರುಗಳಲ್ಲಿ' ಹೂಣಿಟ್ಟರೆಂದು ಮೂಲದಲ್ಲಿ ಬಹುವಚನವಿದೆ. ಅವನ ಅಂಗಗಳು ಒಂದೊಂದಾಗಿ ಬೇರೆಬೇರೆ ಊರುಗಳಲ್ಲಿ ಉದುರಿದವೆಂದು ಮಿದ್ರಾಶ್ ಅದನ್ನು ವಿವರಿಸುತ್ತದೆ.

ದೋಸೆಪ್ರಿಯ

ಒಂದು ಬಹುವಚನದಿಂದ ಇಷ್ಟು ಕಥೆ ಹಿಂಡುವ ಜನ ನಮ್ಮ ವ್ಯಾಕರಣದ ಮೇಷ್ಟ್ರಿಗೇ ಪಾಠ ಹೇಳಬಲ್ಲರು.

ಚಿನಿವಾರ

ಬಿಡುಗಡೆಗೆ ಫೀನೆಹಾಸನವರೆಗೆ ಹೋಗುವುದೂ ಬೇಕಿರಲಿಲ್ಲ. ಯಾಜಕಕಾಂಡ 27ರಲ್ಲಿ ದೇವರಿಗೆ ಹರಕೆ ಹೊತ್ತ ಮನುಷ್ಯರಿಗೆ ಬೆಲೆಪಟ್ಟಿಯೇ ಇದೆ. 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್ ಬೆಳ್ಳಿ, ಹೆಂಗಸಿಗೆ 30. 5ರಿಂದ 20 ವರ್ಷದವರಿಗೆ 20 ಮತ್ತು 10. ಒಂದು ತಿಂಗಳಿನಿಂದ 5 ವರ್ಷದ ಗಂಡುಮಗುವಿಗೆ 5, ಹೆಣ್ಣುಮಗುವಿಗೆ 3. ಕೊಡಲಾಗದ ಬಡವನಿಗೆ ಯಾಜಕನು ಅವನ ಶಕ್ತಿಯನ್ನು ನೋಡಿ ಬೆಲೆ ಕಟ್ಟಬೇಕು. ಯೆಫ್ತಾಹನ ಮಗಳು ಇಪ್ಪತ್ತರೊಳಗಿನವಳಾಗಿದ್ದರೆ ಹತ್ತು ಶೆಕೆಲಿಗೆ ಮುಗಿಯುತ್ತಿತ್ತು.

ಇನ್ನು ನಿಮ್ಮ ವಿಷಯ, ಲೆಕ್ಕದ ಮನುಷ್ಯರೇ. ಹರಕೆ ಹೊತ್ತ ದಿನದ ವಯಸ್ಸನ್ನೇ ಹಿಡಿಯಬೇಕೆಂದು ರಬ್ಬಿಗಳ ಕಾನೂನು ಸಂಗ್ರಹವಾದ ಮಿಷ್ನಾ ಹೇಳುತ್ತದೆ. ನೀವು ಆಗ ಮಗು, ಆದ್ದರಿಂದ 5 ಶೆಕೆಲ್. ಶೆಕೆಲಿಗೆ ಸುಮಾರು 11.4 ಗ್ರಾಂ ಎಂದರೆ ಒಟ್ಟು 57 ಗ್ರಾಂ ಬೆಳ್ಳಿ. ಒಂದು ಜೊತೆ ಕಾಲ್ಗೆಜ್ಜೆಯ ತೂಕವೂ ಇಲ್ಲ. ಬೆಳ್ಳಿಯ ಅಂಗಡಿಯಲ್ಲಿ ಕುಳಿತವನ ಲೆಕ್ಕವಿದು, ತಪ್ಪಿದ್ದರೆ ತಿದ್ದಿ.

ವಕೀಲರ ಮಗಳು

ತಿದ್ದುತ್ತೇನೆ. ಅವರಿಗೆ ಆಗ ಒಂಬತ್ತೇ ದಿನ. ಪಟ್ಟಿ ಆರಂಭವಾಗುವುದು ಒಂದು ತಿಂಗಳಿನಿಂದ. ತಿಂಗಳೊಳಗಿನ ಮಗುವಿನ 'ಬೆಲೆ' ಕೊಡುತ್ತೇನೆಂದರೆ ಆ ಮಾತಿಗೆ ತೂಕವಿಲ್ಲ, ಏಕೆಂದರೆ ಪಟ್ಟಿಯಲ್ಲಿ ಅದಕ್ಕೆ ಬೆಲೆಯೇ ಇಲ್ಲವೆಂದು ಮಿಷ್ನಾದ ಅರಾಖಿನ್ ಭಾಗದ ಮೊದಲಲ್ಲೇ ಇದೆ.

ಚಿನಿವಾರ

ಬೆಲೆಯೇ ಇಲ್ಲದ ಮಗುವೆಂದು ಅವರ ಅಮ್ಮನಿಗೆ ಮಾತ್ರ ಹೇಳಬೇಡಿ!

ಅದೇ ಅರಾಖಿನಿನಲ್ಲಿ ಇನ್ನೊಂದು ಪ್ರಸಂಗವಿದೆ, ಕರ್ನಾಟಕದವರಿಗೆ ಹಿಡಿಸುವಂಥದ್ದು. ಯಿರ್ಮತ್ಯಾ ಎಂಬವಳ ತಾಯಿ "ನನ್ನ ಮಗಳ ತೂಕ ನನ್ನ ಮೇಲಿರಲಿ" ಎಂದು ಹರಕೆ ಹೊತ್ತು, ಯೆರೂಸಲೇಮಿಗೆ ಹೋಗಿ ಮಗಳನ್ನು ತೂಗಿಸಿ, ಅವಳ ತೂಕದ ಬಂಗಾರ ಒಪ್ಪಿಸಿದಳಂತೆ. ಸಾಕ್ಷಾತ್ ತುಲಾಭಾರ. ನಮ್ಮಲ್ಲಿ ಬೆಲ್ಲವೋ ಬಾಳೆಹಣ್ಣೋ ಆದರೆ ಅಲ್ಲಿ ಬಂಗಾರ.

ಸಂಶಯವಾದಿ

ಒಂದು ಅಡ್ಡಿ. ಯೆಫ್ತಾಹನ ಕಾಲದಲ್ಲಿ ಯಾಜಕಕಾಂಡದ ಪಟ್ಟಿ ಈಗಿನ ರೂಪದಲ್ಲಿ ಇತ್ತೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಮಿಷ್ನಾವಂತೂ ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡದ್ದು. ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವನ್ನು ಒಂದೇ ದಾರದಲ್ಲಿ ಪೋಣಿಸಿ ಯೆಫ್ತಾಹನಿಗೆ ಕಾನೂನು ಗೊತ್ತಿರಲಿಲ್ಲವೆಂದು ಹಳಿಯುವುದು ನ್ಯಾಯವಲ್ಲ.

ಬೆಟ್ಟದ ಹಾದಿ

ನಾವು ಕ್ರೈಸ್ತರು, ನಮಗೆ ಮಿಷ್ನಾ ಏಕೆ ಎಂಬುದು ನನ್ನ ಪ್ರಶ್ನೆ.

ಹಳೆಯ ಮೇಷ್ಟ್ರು

ಇಬ್ಬರ ಮಾತಿನಲ್ಲೂ ಹುರುಳಿದೆ. ಯೆಫ್ತಾಹನ ತಲೆಯಲ್ಲಿ ಏನಿತ್ತೆಂಬುದಕ್ಕೆ ಮಿಷ್ನಾ ಸಾಕ್ಷಿಯಾಗಲಾರದು. ಆದರೆ ಈ ಗ್ರಂಥವನ್ನೇ ಉಸಿರಾಡಿದ ಜನ ಹರಕೆಯ ಭಾರವನ್ನು ತಲೆತಲಾಂತರ ಹೇಗೆ ಹೊತ್ತರು, ಹೇಗೆ ಇಳಿಸಿಕೊಂಡರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಯಿಲ್ಲ. ಅಪೊಸ್ತಲ ಪೌಲನೂ ಕೆಂಖ್ರೆ ಎಂಬ ಊರಿನಲ್ಲಿ ಹರಕೆಯ ತಲೆಗೂದಲು ಕತ್ತರಿಸಿಕೊಂಡನೆಂದು ಅಪೊಸ್ತಲರ ಕೃತ್ಯಗಳಲ್ಲಿ ಇದೆಯಲ್ಲವೇ? ಮುಂದೆ ಯೆರೂಸಲೇಮಿನಲ್ಲಿ ಹರಕೆ ಹೊತ್ತ ನಾಲ್ವರ ಖರ್ಚನ್ನೂ ಅವನೇ ವಹಿಸಿಕೊಳ್ಳುತ್ತಾನೆ.

ಮಣ್ಣಗೋಡೆ

ಅಂದರೆ ನಮ್ಮ ಮುಡಿ ಕೊಡುವ ಹಾಗೆಯೇ?

ಹಳೆಯ ಮೇಷ್ಟ್ರು

ಸಾಕಷ್ಟು ಹತ್ತಿರ, ಆದರೆ ನಡೆ ಬೇರೆ. ಅವರದು ನಾಜೀರ ವ್ರತ, ತನ್ನನ್ನು ದೇವರಿಗೆ ಮೀಸಲಿಡುವ ಹರಕೆ. ಅದನ್ನು ಹಿಡಿದವನು ದ್ರಾಕ್ಷಿಯ ಬಳ್ಳಿಯಿಂದ ಬಂದ ಯಾವುದನ್ನೂ ಮುಟ್ಟಬಾರದು, ಕೂದಲು ಕತ್ತರಿಸಬಾರದು, ಹೆಣದ ಬಳಿ ಹೋಗಬಾರದು. ಅವಧಿ ಮುಗಿದ ದಿನ ಒಂದು ಗಂಡು ಕುರಿಮರಿ, ಒಂದು ಹೆಣ್ಣು ಕುರಿಮರಿ, ಒಂದು ಟಗರು, ಒಂದು ಬುಟ್ಟಿ ಹುಳಿಯಿಲ್ಲದ ರೊಟ್ಟಿ ಒಪ್ಪಿಸಬೇಕು. ಯೆರೂಸಲೇಮಿನ ಆಲಯದಲ್ಲಿ ಹೆಂಗಸರ ಅಂಗಳದ ಆಗ್ನೇಯ ಮೂಲೆಯಲ್ಲಿ ನಾಜೀರರ ಕೋಣೆಯಿತ್ತು. ಅಲ್ಲಿ ಅವರು ತಮ್ಮ ಬಲಿಯ ಮಾಂಸ ಬೇಯಿಸುತ್ತಾ, ತಲೆ ಬೋಳಿಸಿಕೊಂಡು, ಆ ಕೂದಲನ್ನು ಅದೇ ಹಂಡೆಯ ಕೆಳಗಿನ ಬೆಂಕಿಗೆ ಹಾಕುತ್ತಿದ್ದರು. ಆ ಕೋಣೆಯ ವಾಸನೆಯನ್ನು ಊಹಿಸಿಕೊಂಡರೆ ಹರಕೆ ಎಂಬುದು ಅವರಿಗೆ ಬರಿಯ ಮಾತಾಗಿರಲಿಲ್ಲವೆಂದು ತಿಳಿಯುತ್ತದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಇದಕ್ಕೆ ನೇರ ಉತ್ತರ ನಾಜೀರ ವ್ರತದ ಕಾನೂನಿನಲ್ಲೇ ಇದೆ. ತಂದೆಯು ಎಳೆಯ ಮಗನ ಮೇಲೆ ನಾಜೀರ ವ್ರತ ಹೊರಿಸಬಹುದು, ತಾಯಿ ಹೊರಿಸುವಂತಿಲ್ಲ ಎಂದು ಮಿಷ್ನಾದ ನಾಜೀರ್ ಭಾಗ ಹೇಳುತ್ತದೆ. ತಂದೆ ಹೊರಿಸಿದರೂ ಮಗನೋ ಬಂಧುಗಳೋ ಬೇಡವೆಂದರೆ ಅದು ಬಿದ್ದುಹೋಗುತ್ತದೆ.

ಕಡಲತೀರದವಳು

ಅದು ಹೇಗೆ, ಮೇಷ್ಟ್ರೇ? ಹನ್ನಳು ಮಾಡಿದ್ದು ಅದನ್ನೇ ಅಲ್ಲವೇ? "ಅವನ ತಲೆಗೆ ಕ್ಷೌರದ ಕತ್ತಿ ಮುಟ್ಟದು" ಎಂದವಳು ಅವಳೇ, ಗಂಡ ಎಲ್ಕಾನನಲ್ಲ.

ಹಳೆಯ ಮೇಷ್ಟ್ರು

ಅಲ್ಲೇ ಅವರಿಗೂ ತೊಡಕಾಗಿತ್ತು. ಸಮುವೇಲನು ನಾಜೀರನಾಗಿದ್ದನೋ ಇಲ್ಲವೋ ಎಂಬುದೇ ಆ ಭಾಗದ ಕೊನೆಯಲ್ಲಿ ವಾದಕ್ಕೆ ಬರುತ್ತದೆ. ರಬ್ಬಿ ನೆಹೊರಾಯ್ ಹೌದೆಂದರೆ, ರಬ್ಬಿ ಯೋಸೆ 'ಕ್ಷೌರದ ಕತ್ತಿ' ಎಂಬ ಪದಕ್ಕೆ 'ಭಯ' ಎಂಬ ಅರ್ಥ ಕೊಟ್ಟು ಅಲ್ಲಗಳೆಯುತ್ತಾರೆ. ಇನ್ನು ಎಲ್ಕಾನನ ಪಾತ್ರ. "ನಿನಗೆ ಸರಿತೋರಿದಂತೆ ಮಾಡು" ಎಂದಷ್ಟೇ ಅವನು ಹೇಳುತ್ತಾನೆ.

ವಕೀಲರ ಮಗಳು

ಅವನದೂ ಒಂದು ಬಗೆಯ ಚಹಾ ಬಗ್ಗಿಸಿ ಕೊಡುವಿಕೆ.

ಕಡಲತೀರದವಳು

ಹನ್ನಳನ್ನು ಯೆಫ್ತಾಹನ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಇಬ್ಬರೂ ಮಗುವನ್ನೇ ಕೊಟ್ಟರು. ಯೆಫ್ತಾಹನು ಮನೆಯ ಬಾಗಿಲಿನಿಂದ ಯಾರು ಬಂದರೂ ಸರಿ ಎಂದು, ಯಾರನ್ನು ಕೊಡುವುದೆಂಬ ಹೆಸರೇ ಇಲ್ಲದ ಖಾಲಿ ಕಾಗದಕ್ಕೆ ರುಜು ಹಾಕಿದ. ಹನ್ನಳು ತನಗೆ ಇನ್ನೂ ಇಲ್ಲದ, ಬಂದರೆ ತನ್ನ ಹೊಟ್ಟೆಯಿಂದಲೇ ಬರಬೇಕಾದ, ಕೊಟ್ಟರೆ ತನಗೇ ನೋಯಬೇಕಾದದ್ದನ್ನು ಹೆಸರಿಟ್ಟು ಹೇಳಿದಳು. ಹಾಗೆಂದು ಆ ಹುಡುಗನನ್ನು ಯಾರೂ ಕೇಳಲಿಲ್ಲವೆಂಬುದನ್ನು ನಾನು ಮರೆಯುವುದಿಲ್ಲ.

ಅವಳು ಅವಸರ ಮಾಡಲಿಲ್ಲ. ಮೊಲೆ ಬಿಡಿಸುವ ತನಕ ಶೀಲೋವಿಗೆ ಹೋಗುವುದಿಲ್ಲವೆಂದು ಕುಳಿತಳು. ಆಮೇಲೆ ಹೋರಿ, ಒಂದು ಏಫಾ ಹಿಟ್ಟು, ಒಂದು ಬುದ್ದಲಿ ದ್ರಾಕ್ಷಾರಸದೊಡನೆ ಹೋದಳು. ನನಗೆ ಯಾವಾಗಲೂ ಕಾಡುವುದು ಅದರ ಮುಂದಿನ ಮಾತು: ಪ್ರತಿವರ್ಷ ಒಂದು ಪುಟ್ಟ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ನಾನು ಹೊಲಿಗೆಯವಳು. ಎದುರಿಗಿಲ್ಲದ ಮಗುವಿಗೆ ಬಟ್ಟೆ ಕತ್ತರಿಸುವುದೆಂದರೆ ಹೋದ ವರ್ಷದ ಅಳತೆಗೆ ಈ ವರ್ಷದ ಬೆಳವಣಿಗೆಯನ್ನು ಅಂದಾಜಿನಲ್ಲಿ ಸೇರಿಸುವುದು. ತೋಳಿಗೆ ಎರಡು ಬೆರಳು, ಉದ್ದಕ್ಕೆ ನಾಲ್ಕು ಬೆರಳು, ಮಡಿಕೆಯೊಳಗೆ ಇನ್ನಷ್ಟು. ಕೊಟ್ಟ ಮೇಲೂ ಅವಳ ಲೆಕ್ಕ ಮುಗಿದಿರಲಿಲ್ಲ.

ಶಾಸನಪ್ರೇಮಿ

ಆ ಹೋರಿಯ ವಿಷಯದಲ್ಲಿ ಒಂದು ಸಣ್ಣ ಮಾಹಿತಿ. ಪರಂಪರೆಯ ಹೀಬ್ರೂ ಪಾಠದಲ್ಲಿ 'ಮೂರು ಹೋರಿಗಳು' ಎಂದಿದೆ, ಗ್ರೀಕ್ ಅನುವಾದದಲ್ಲೂ ಮೃತ ಸಮುದ್ರದ ಬಳಿಯ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಸಮುವೇಲನ ಸುರುಳಿಯಲ್ಲೂ 'ಮೂರು ವರ್ಷದ ಹೋರಿ' ಎಂದಿದೆ. ಮುಂದಿನ ವಾಕ್ಯದಲ್ಲಿ ಒಂದೇ ಹೋರಿಯನ್ನು ಕಡಿಯುವುದರಿಂದ ಎರಡನೆಯದೇ ಸರಿಯಿರಬೇಕು.

ಗದ್ದೆಬದು

ಹರಕೆಯನ್ನು ಆಡಿದ ಮಾತ್ರಕ್ಕೆ ಪವಿತ್ರವೆಂದು ತಿಳಿಯಬಾರದು ಎಂಬುದಕ್ಕೆ ಅಬ್ಷಾಲೋಮನನ್ನು ಯಾರೂ ಎತ್ತಲಿಲ್ಲ. ಗೆಷೂರಿನಲ್ಲಿದ್ದಾಗ ಹರಕೆ ಹೊತ್ತಿದ್ದೆ, ಹೆಬ್ರೋನಿಗೆ ಹೋಗಿ ತೀರಿಸಿ ಬರುತ್ತೇನೆ ಎಂದು ತಂದೆಗೆ ಹೇಳುತ್ತಾನೆ. ದಾವೀದನು ಸಮಾಧಾನದಿಂದ ಹೋಗು ಎಂದು ಕಳಿಸುತ್ತಾನೆ. ಹೆಬ್ರೋನಿನಲ್ಲಿ ನಡೆದದ್ದು ತುತ್ತೂರಿ ಊದಿ ಅರಸನೆಂದು ಸಾರಿಕೊಂಡ ದಂಗೆ. ಕಚೇರಿಯಲ್ಲಿ ರಜೆ ಬೇಕಾದಾಗಲೆಲ್ಲ ಮನೆದೇವರ ಹರಕೆ ನೆನಪಾಗುವ ಸಹೋದ್ಯೋಗಿಗಳು ನನಗೂ ಇದ್ದಾರೆ.

ನಿರ್ವಾಹಕ

ಕಚೇರಿಯ ರಜೆಯ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ಬೆಟ್ಟದ ಹಾದಿ

ವಿಷಯಕ್ಕೇ ಬರುತ್ತೇನೆ. ಇಷ್ಟೆಲ್ಲ ಬಿಡುಗಡೆಯ ದಾರಿಗಳನ್ನು ಹುಡುಕುತ್ತಿದ್ದೀರಿ. ಪ್ರಸಂಗಿ 5ನೆಯ ಅಧ್ಯಾಯ ಹೊತ್ತ ಹರಕೆಯನ್ನು ತಡಮಾಡದೆ ತೀರಿಸು, ತೀರಿಸಲಾಗದಿದ್ದರೆ ಹೊರಲೇ ಬೇಡ ಎನ್ನುತ್ತದೆ. ಗೊತ್ತಿಲ್ಲದೆ ಆಡಿದೆ ಎಂದು ಆಮೇಲೆ ಹೇಳಬೇಡ ಎಂದೂ ಎಚ್ಚರಿಸುತ್ತದೆ. ಯಾಕೋಬನೇ ಮರಳಿ ಬಂದವನು ಶೆಕೆಮಿನ ಬಳಿ ಜಮೀನು ಕೊಂಡು ಕುಳಿತುಬಿಟ್ಟ, ಎದ್ದು ಬೇತೇಲಿಗೆ ಹೋಗು ಎಂದು ದೇವರೇ ಹೇಳಬೇಕಾಯಿತು. ಆ ಹಿರಿಯರ ಮನಸ್ಸಿನ ಕಳವಳವನ್ನು ಕಾನೂನಿನ ಸಂದಿಯಲ್ಲಿ ತೂರಿಸಿ ಕಳಿಸಬೇಡಿ.

ಹಳೆಯ ಮೇಷ್ಟ್ರು

ಈ ಮಾತನ್ನು ನಾನು ಗೌರವದಿಂದ ಒಪ್ಪುತ್ತೇನೆ. ಹರಕೆ ಬಿಡಿಸುವ ನಿಯಮಗಳು ಗಾಳಿಯಲ್ಲಿ ತೇಲುತ್ತವೆ, ಊರಿಕೊಳ್ಳಲು ಅವಕ್ಕೆ ಆಧಾರವಿಲ್ಲ ಎಂದು ಮಿಷ್ನಾ ತಾನೇ ಒಪ್ಪಿಕೊಂಡಿದೆ. ಆದರೂ ಬಿಡಿಸುತ್ತಿದ್ದರು. ಬಿಡಿಸುವವನು ಮೊದಲು ಹರಕೆಯ ಮಾತುಗಳನ್ನು ಇದ್ದ ಹಾಗೆಯೇ ಹೇಳಿಸುತ್ತಿದ್ದ, ಆಮೇಲೆ "ಹೀಗಾಗುತ್ತದೆಂದು ಗೊತ್ತಿದ್ದರೆ ಹೊರುತ್ತಿದ್ದೆಯಾ?" ಎಂದು ಕೇಳುತ್ತಿದ್ದ. ಆದ್ದರಿಂದ ಲೆಕ್ಕದ ಮನುಷ್ಯರೇ, ಅಮ್ಮ ಆ ರಾತ್ರಿ ಯಾವ ಮಾತುಗಳಲ್ಲಿ ಹರಕೆ ಹೊತ್ತರೆಂದು ನೀವು ಎಂದಾದರೂ ಕೇಳಿದ್ದೀರಾ?

ಲೆಕ್ಕದ ಮನುಷ್ಯ

ಇಲ್ಲ. ನಿಮ್ಮ ಮಾತು ಓದಿದ ಮೇಲೆ ನೆನ್ನೆ ರಾತ್ರಿ ಊಟವಾದ ಬಳಿಕ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಈ ಮಗು ಉಳಿದರೆ ನಿನ್ನ ಆಲಯದ ಕೆಲಸಕ್ಕೆ ಕೊಡುತ್ತೇನೆ, ಅಂದಿದ್ದು ಅಷ್ಟೆ" ಎಂದರು. ನಾನು ಹನ್ನೊಂದು ವರ್ಷಗಳಿಂದ ನಮ್ಮ ಸಭೆಯ ಲೆಕ್ಕ ಬರೆಯುತ್ತಿದ್ದೇನೆ, ಕಾಣಿಕೆಯ ಚೀಲ ಎಣಿಸಿ ಬ್ಯಾಂಕಿಗೆ ಕಟ್ಟುವವನೂ ನಾನೇ. ಅದನ್ನು ಹೇಳಿದಾಗ ಅಮ್ಮ, "ಚಿಲ್ಲರೆ ಎಣಿಸುವುದೂ ಒಂದು ಕೆಲಸವೇ?" ಎಂದರು.

ಚಿನಿವಾರ

ನಮ್ಮ ವೃತ್ತಿಯವರ ಪರವಾಗಿ ಇದಕ್ಕೆ ನನ್ನ ಬಲವಾದ ವಿರೋಧವಿದೆ.

ಸಂಶಯವಾದಿ

ದೇವರನ್ನು ನಂಬದ ನನಗೂ ಆ 'ಆಲಯದ ಕೆಲಸ' ಎಂಬ ಮಾತು ಸಾಕೆನಿಸುತ್ತದೆ. ಶೀಲೋವಿನಲ್ಲಿ ಸಮುವೇಲನು ಮಾಡುತ್ತಿದ್ದ ಕೆಲಸವೆಂದು ಹೆಸರಿಸಿರುವುದರಲ್ಲಿ ಬೆಳಗ್ಗೆ ಬಾಗಿಲು ತೆರೆಯುವುದೂ ಒಂದು.

ಬೆಟ್ಟದ ಹಾದಿ

ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ನಿರ್ಣಯ ಮಾಡಬೇಕಾದವರು ಅಮ್ಮ, ನಾವಲ್ಲ.

ಲೆಕ್ಕದ ಮನುಷ್ಯ

ಬಾಗಿಲು ತೆರೆಯುತ್ತಿದ್ದ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ, ನಿಲುವಂಗಿಯ ಭಾಗವನ್ನೂ ಓದಿದೆ. ಕಡಲತೀರದ ಅಕ್ಕನವರ ತೋಳಿಗೆ ಎರಡು ಬೆರಳಿನ ಲೆಕ್ಕ ಕೇಳಿ, "ಮೂರು ಬೇಕು, ಗಂಡುಹುಡುಗರು ಬೇಗ ಬೆಳೆಯುತ್ತಾರೆ" ಎಂದರು. ಹರಕೆಯ ಬಗ್ಗೆ ಇನ್ನೇನೂ ಹೇಳಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೊಟ್ಟಿದ್ದಾರೆ, ಮೇಷ್ಟ್ರನ್ನು ಕೇಳಬೇಕಂತೆ. ಮಗನನ್ನು ಶೀಲೋವಿನಲ್ಲಿ ಬಿಟ್ಟ ಮೇಲೆ ಹನ್ನಳು ಮನೆಗೆ ಹೇಗೆ ಮರಳಿದಳೆಂದು ಎಲ್ಲಿಯಾದರೂ ಬರೆದಿದೆಯೇ?

ಹಳೆಯ ಮೇಷ್ಟ್ರು

ಬರೆದಿಲ್ಲ ಎಂದು ಅಮ್ಮನವರಿಗೆ ತಿಳಿಸಿ. ಬಿಟ್ಟ ಕೂಡಲೆ ಅವಳು ಹಾಡಿದ ದೊಡ್ಡ ಸ್ತುತಿಗೀತೆ ಬರುತ್ತದೆ. ಅದು ಮುಗಿದ ಮೇಲೆ ಹೀಬ್ರೂ ಪಾಠದಲ್ಲಿ, ಎಲ್ಕಾನನು ರಾಮದಲ್ಲಿದ್ದ ತನ್ನ ಮನೆಗೆ ಹೋದನು ಎಂದು ಅವನೊಬ್ಬನ ಹೆಸರಷ್ಟೇ ಇದೆ.